ಕಲ್ಲುಮೂಲೆಯ ದ್ರಾಕ್ಷಿ

ಹಾರೆ ಮತ್ತೊಮ್ಮೆ ಕಲ್ಲಿಗೆ ಬಡಿದು ಕಿಡಿ ಹಾರಿತು. ತಿಮ್ಮಯ್ಯ ಅದನ್ನು ಗುಂಡಿಯ ಅಂಚಿಗೆ ಒರಗಿಸಿ, ಎರಡು ಅಂಗೈಗೂ ಉಗುಳು ಹಚ್ಚಿಕೊಂಡು, ಬದುವಿನ ಮೇಲೆ ಕೂತಿದ್ದ ಜವರಯ್ಯನ ಕಡೆ ನೋಡಿದ.

“ಏನ್ ಜವರಣ್ಣ, ನಿನ್ ತಮ್ಮನ್ನ ಮಣ್ ಮಾಡ್ಬೇಕು ಅಂತೀಯ. ಇಲ್ಲಿ ಮಣ್ಣೇ ಇಲ್ವಲ್ಲ?”

“ಬಾಯ್ ಮುಚ್ಕಂಡು ಅಗೀಲಾ.”

“ಅಗೀತಾವ್ನಿ. ಕಲ್ ಮಾಡದಾದ್ರೆ ಯೋಳು, ಈಗ್ಲೇ ಮಾಡ್ಕೊಟ್ಬುಡ್ತೀನಿ.”

ಅರವತ್ತಾರು ದಾಟಿದ ಜವರಯ್ಯನ ಎಡಗೈ ಬೆಳಗಿನಿಂದ ಪಂಚೆಯ ಸೊಂಟದ ಗಂಟಿನ ಮೇಲೇ ಇತ್ತು. ಗಂಟಿನೊಳಗೆ ಒಂದು ಕ್ವಾರ್ಟರ್ ಬ್ರಾಂದಿ. ಜನ್ಮದಲ್ಲಿ ಅಂಥ ಅಂಗಡಿಯ ಮೆಟ್ಟಿಲು ಹತ್ತದವನು ಬೆಳಗ್ಗೆ ಮಂಡ್ಯಕ್ಕೆ ಹೋಗಿ, ಯಾವುದು ಕೊಡಲಿ ಎಂದವನಿಗೆ “ಒಳ್ಳೇದ್ ಕೊಡಪ್ಪ, ಸತ್ತೋರಿಗೆ” ಎಂದು ಹೇಳಿ ತಂದಿದ್ದ.

ಯಲಿಯೂರಿನಲ್ಲಿ ರೈಲು ಹಳಿಗೂ ನಾಲೆಯ ತೂಬಿಗೂ ನಡುವಿನ ಈ ಹತ್ತು ಗುಂಟೆಗೆ ಕಲ್ಲುಮೂಲೆ ಎಂದೇ ಹೆಸರು. ಭಾಗವಾದಾಗ ಉಳುವ ಅಣ್ಣನಿಗೆ ಗದ್ದೆ ಬಂತು. ಹೋಟೆಲ್ ಕೆಲಸದ ತಮ್ಮ ಶಿವರಾಮುವಿಗೆ ಒಂದು ಮನೆ ಮತ್ತು ಮನೆಯ ಬೆನ್ನಿಗಿದ್ದ ಈ ಕಲ್ಲು. ಈಗ ಇಲ್ಲಿ ಹನ್ನೆರಡು ದ್ರಾಕ್ಷಿ ಬಳ್ಳಿಗಳಿದ್ದವು, ಅವಕ್ಕೆ ಕಲ್ಲುಕಂಬ, ತಂತಿ, ಮತ್ತು ಬೆಳಗಿನಿಂದ ಅಗೆದರೂ ಸೊಂಟದ ಆಳಕ್ಕೆ ಇಳಿಯದ ಒಂದು ಗುಂಡಿ.

ಆ ಮನೆತನದಲ್ಲಿ ಒಂದು ರೂಢಿ. ಸತ್ತವರನ್ನು ಗುಂಡಿಗೆ ಇಳಿಸುವ ಮುಂಚೆ, ಬಾಯಿಗೆ ಅಕ್ಕಿ ಹಾಕಿದ ಮೇಲೆ, ಮನೆಯ ಹಿರಿಯ ತನ್ನ ಕೈಯಾರೆ ಸತ್ತವರಿಗೆ ಇಷ್ಟವಾದದ್ದನ್ನು ಬಾಯಿಗೆ ಬಿಡಬೇಕು. ಜವರಯ್ಯನ ತಾತನಿಗೆ ಹೆಂಡ ಬಿಟ್ಟಿದ್ದರು. ಅಪ್ಪನಿಗೆ ಕಾಫಿ, ಅದೂ ಬಿಸಿ ಇರಬೇಕೆಂದು ಗುಂಡಿಯ ಪಕ್ಕದಲ್ಲೇ ಒಲೆ ಹೂಡಿ ಕಾಸಿದ್ದು. ಆಸೆ ಉಳಿಸಿಕೊಂಡು ಹೋಗಬಾರದು, ಅಷ್ಟೇ ಶಾಸ್ತ್ರ.

ಶಿವರಾಮುವಿಗೆ ಏನು ಇಷ್ಟ ಎಂಬುದು ಊರಿಗೇ ಗೊತ್ತಿತ್ತು. ಮೂರು ವರ್ಷದಿಂದ ಅವನ ಹಿತ್ತಲ ಗೋಡೆಯ ಮೇಲೆ ಬಣ್ಣಬಣ್ಣದ ಸೀಸೆಗಳು ಸಾಲಾಗಿ ನಿಂತಿದ್ದವು. ಸೀಸೆಗಳ ಎಣಿಕೆ ಹತ್ತು ದಾಟಿದ ದಿನವೇ ತಿಮ್ಮಯ್ಯ ಅರಳಿಕಟ್ಟೆಯಲ್ಲಿ ಅವನಿಗೆ ಹೊಸ ಹೆಸರಿಟ್ಟಿದ್ದ: ಶಿವರಮ್ಮು.

ಜಗಲಿಯ ಮೇಲೆ ಶವದ ಪಕ್ಕ ಕೂತಿದ್ದ ಶಿವರಾಮುವಿನ ಹೆಂಡತಿ ಪಟ್ಟಲಮ್ಮನಿಗೆ ಹಾರೆಯ ಸದ್ದು ಕೇಳುತ್ತಿತ್ತು. ಅಳು ಬಂದಿರಲಿಲ್ಲ. ನಿನ್ನೆ ಸಂಜೆ ಫೋನ್ ಬಂದಾಗಿನಿಂದ ಕಿವಿಯೊಳಗೆ ಹತ್ತಿ ತುರುಕಿದ ಹಾಗಿತ್ತು. ಗಂಡನ ಗದ್ದಕ್ಕೆ ಆಸ್ಪತ್ರೆಯವರು ಕಟ್ಟಿದ್ದ ಬಟ್ಟೆಯನ್ನು ಮಗಳು ಶೋಭಿತಾ ಬಿಚ್ಚಿ, ಅವನ ಕೆಲಸದ ಬಿಳಿ ನ್ಯಾಪ್‌ಕಿನ್ನನ್ನೇ ಕಟ್ಟಿದ್ದಳು. ಪಟ್ಟಲಮ್ಮ ಆ ಗಂಟನ್ನೇ ನೋಡುತ್ತಿದ್ದಳು. ಇವತ್ತು ಅವಳಿಗೆ ಬೇಕಾಗಿದ್ದು ಒಂದೇ: ಆ ಬ್ರಾಂದಿ ಈ ಬಾಯಿಗೆ ಬೀಳಬಾರದು. ಆದರೆ ಗಂಡನ ಅಣ್ಣನ ಕೈ ತಡೆಯುವುದು ಹೇಗೆ, ಸತ್ತವನ ಆಸೆಗೆ ಅಡ್ಡ ಬಂದಳು ಎನಿಸಿಕೊಳ್ಳದೆ?

“ಅತ್ಬುಡು ಪಟ್ಟಲೀ,” ಎಂದಳು ಜವರಯ್ಯನ ಹೆಂಡತಿ ಬೆಟ್ಟಮ್ಮ, ಬೆನ್ನು ಸವರುತ್ತಾ. “ಎದೇಲ್ ಮಡೀಕಬ್ಯಾಡ. ಕುಡುದ್ರೂ ಗಂಡ ಗಂಡನೇ ಕಣವ್ವ.”

“ಅವ್ರು ಕುಡೀತಿರ್ನಿಲ್ಲ ಕಣಕ್ಕ.”

“ಊ, ಕುಡೀತಿರ್ನಿಲ್ಲ,” ಎಂದಳು ಬೆಟ್ಟಮ್ಮ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ. “ಒಸಿ ಟೀ ಕುಡಿ.”

*

ಮದ್ದೂರಿನ ಹಳೇ ಹೈವೇ ಪಕ್ಕದ ಟಿಫಿನ್ ಹೋಟೆಲಿನಲ್ಲಿ ಶಿವರಾಮು ಇಪ್ಪತ್ತಾರು ವರ್ಷ ಸಪ್ಲೈಯರ್. ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಹೋಗುತ್ತಿದ್ದ, ಸಂಜೆಯ ರೈಲಿಗೆ ಸಾಂಬಾರಿನ ವಾಸನೆಯೊಂದಿಗೆ ಇಳಿಯುತ್ತಿದ್ದ. ಗಿರಾಕಿ ಕೂತು “ಏನೇನಿದೆ?” ಎಂದರೆ ಸಾಕು, ಉಸಿರು ತೆಗೆಯದೆ “ಇಡ್ಲಿ ವಡೆ ಖಾಲಿದೋಸೆ ಸೆಟ್‌ದೋಸೆ ಮಸಾಲೆ ರವೆಇಡ್ಲಿ ಚೌಚೌಬಾತು ಮದ್ದೂರ್‌ವಡೇ” ಎಂದು ಒಂದೇ ಎಳೆತಕ್ಕೆ ಹೇಳಿ, ಕೊನೆಯ ವಡೆಯನ್ನು ರೈಲಿನ ಸಿಳ್ಳೆಯ ಹಾಗೆ ಮೇಲಕ್ಕೆತ್ತುತ್ತಿದ್ದ.

ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರುಗಳು ಊರನ್ನು ಮುಟ್ಟದೆ ಆಕಾಶದಲ್ಲೇ ಹಾದುಹೋಗತೊಡಗಿದವು. “ಮೇಲೆ ಹೋಗೋರನ್ನ ವಾಪಸ್ ಕರೆಯೋಕಾಗುತ್ತೇನಪ್ಪ?” ಎಂದು ಹೋಟೆಲಿನ ಯಜಮಾನರು ಬಾಗಿಲು ಹಾಕಿದರು. ಐವತ್ತನಾಲ್ಕನೇ ವಯಸ್ಸಿನಲ್ಲಿ ಶಿವರಾಮು ಶಿವನಸಮುದ್ರದ ಹತ್ತಿರ ಹೊಸದಾಗಿ ಎದ್ದಿದ್ದ ಒಂದು ರೆಸಾರ್ಟಿಗೆ ಸೇರಿದ. “ಮದ್ದೂರು ಬುಟ್ಟು ಮದ್ಯದೂರು ಸೇರ್ಕಂಡ,” ಎಂದ ತಿಮ್ಮಯ್ಯ.

ಅಲ್ಲಿ ಊಟಕ್ಕಿಂತ ವೈನಿನ ಪಟ್ಟಿಯೇ ಉದ್ದವಿತ್ತು. ವೈನಿನ ಮೊದಲ ಪಾಠಗಳದ್ದೊಂದು ಪರೀಕ್ಷೆ ಇದೆ, ಪಾಸಾದವರ ಕೋಟಿಗೆ ದ್ರಾಕ್ಷಿ ಗೊಂಚಲಿನ ಬಿಲ್ಲೆ ಎಂದು ಮ್ಯಾನೇಜರು ಹೇಳಿದಾಗ, ಕಾಲೇಜು ಮುಗಿಸಿ ಬಂದಿದ್ದ ಹುಡುಗರ ನಡುವೆ ಶಿವರಾಮುವೂ ಕೈ ಎತ್ತಿದ. ಪುಸ್ತಕ ಇಂಗ್ಲಿಷಿನಲ್ಲಿತ್ತು. ದುದ್ದದ ಹೈಸ್ಕೂಲಿನಲ್ಲಿ ಟೀಚರಾಗಿದ್ದ ಶೋಭಿತಾ ಒಂದೊಂದೇ ಪಾಠವನ್ನು ಓದಿಕೊಂಡು, ಕನ್ನಡದಲ್ಲಿ ಹೇಳಿ, ಅಪ್ಪನ ಫೋನಿಗೆ ಕಳಿಸುತ್ತಿದ್ದಳು. ಅವನು ಅದನ್ನು ಬಸ್ಸಿನಲ್ಲಿ ಹೋಗಿಬರುವಾಗ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದ, ಮನೆಗೆ ಬಂದು ಜೋರಾಗಿ ಹಾಕಿ ಮತ್ತೆ ಕೇಳುತ್ತಿದ್ದ.

“ಅಪ್ಪಾ, ಪಾಠ ಮೂರು. ಕಪ್ಪು ದ್ರಾಕ್ಷಿ ಹಿಂಡಿದ್ರೂ ರಸ ಬಿಳೀನೇ ಬರೋದು. ಬಣ್ಣ ಎಲ್ಲಾ ಸಿಪ್ಪೇಲಿರುತ್ತೆ. ಸಿಪ್ಪೆ ಜೊತೆ ಹುಳಿಯೋಕೆ ಬಿಟ್ರೆ ಕೆಂಪು ವೈನು, ಸಿಪ್ಪೆ ತೆಗೆದುಬಿಟ್ರೆ ಬಿಳಿ. ಗೊತ್ತಾಯ್ತಾ?”

ಶಿವರಾಮು ಒಂದು ಕಪ್ಪು ದ್ರಾಕ್ಷಿಯನ್ನು ಉಗುರಿನಿಂದ ಸೀಳಿ ಅಂಗೈ ಮೇಲೆ ಹಿಂಡಿದ.

“ಲೇ, ಬಾ ಇಲ್ಲಿ. ಬಿಳೀನೇ ಕಣೇ!”

“ಅದ್ಕೇನೀಗ?” ಎಂದಳು ಅವರೆಕಾಯಿ ಸುಲಿಯುತ್ತಿದ್ದ ಪಟ್ಟಲಮ್ಮ.

“ಐವತ್ ವರ್ಸದಿಂದ ತಿಂತಾವ್ನಿ, ಒಂದಿನ ನೋಡಿರ್ನಿಲ್ವಲ್ಲೇ.”

ಫ್ರಾನ್ಸಿನ ಪ್ರದೇಶಗಳ ಪಾಠ ಬಂದಾಗ ಮಾತ್ರ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ನಾಲ್ಕು ದಿನ ಒದ್ದಾಡಿದ. ಐದನೇ ದಿನ ಹೆಂಡತಿಯನ್ನು ಗಿರಾಕಿಯ ಹಾಗೆ ಎದುರು ಕೂರಿಸಿಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತ. “ಕೇಳು ಈಗ.”

“ಏನೇನೈತೆ?”

“ಬೋರ್ಡೋ ಬರ್ಗಂಡಿ ಬೋಜೊಲೆ ಶಾಂಪೇನು ಅಲ್ಸಾಸು ಲ್ವಾರು ರೋನು ಪ್ರೊವಾನ್ಸೇ!” ಕೊನೆಯದು ಸಿಳ್ಳೆಯ ಹಾಗೆ ಮೇಲಕ್ಕೆ ಹೋಯಿತು.

“ವಡೆ ಇಲ್ವಾ?”

“ಖಾಲಿಯಾಯ್ತು ಕಣಮ್ಮ.”

ಆಮೇಲೆ ರುಚಿ ನೋಡುವ ಪಾಠ. ಕೆಲಸದಲ್ಲಿ ಸೀಸೆಯ ತಳಕ್ಕೆ ಉಳಿದದ್ದನ್ನು ಕೇಳಿ ತರುತ್ತಿದ್ದ. ಭಾನುವಾರ ಬೆಳಗ್ಗೆ ಕಾಫಿಗೂ ಮುಂಚೆ, ಹಿತ್ತಲ ಕಟ್ಟೆಯ ಮೇಲೆ ಒಂದು ಬಿಳಿ ಹಾಳೆ ಹಾಸಿ, ಅದರ ಮೇಲೆ ಗ್ಲಾಸನ್ನು ಓರೆ ಮಾಡಿ ಬಣ್ಣ ನೋಡುವುದು. ತಿರುಗಿಸುವುದು, ಮೂಸುವುದು, ಒಂದು ಗುಟುಕು ತೆಗೆದುಕೊಂಡು ಹತ್ತು ಎಣಿಸುವಷ್ಟು ಹೊತ್ತು ಬಾಯಲ್ಲಿ ಆಡಿಸುವುದು, ಉಗಿಯುವುದು. ನುಂಗಿದರೆ ನಾಲ್ಕನೆಯದಕ್ಕೇ ನಾಲಿಗೆ ಸುಳ್ಳು ಹೇಳುತ್ತದೆ ಎಂದು ಪುಸ್ತಕದಲ್ಲಿತ್ತಂತೆ. ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಪೆನ್ನು. ಹಾಗಾಗಿ ಉಗಿಯುವ ಲೋಟ ಹಿಡಿಯುವುದು ಪಟ್ಟಲಮ್ಮನ ಪಾಲಿಗೆ ಬಂತು. ಅದು ಒಂದು ಪಕ್ಕ ತಗ್ಗು ಬಿದ್ದ ಹಳೇ ಸ್ಟೀಲ್ ಲೋಟ.

“ಅಳ್ಳಾಡಿಸ್ಬ್ಯಾಡ. ಹಾಳೆ ಮ್ಯಾಲೆ ಒಂದ್ ಅನಿ ಬೀಳ್ಬಾರ್ದು. ಟೇಬಲ್ ಕ್ಲಾತ್ ಮ್ಯಾಲೆ ಅನಿ ಬೀಳಿಸ್ದೋನು ಸಪ್ಲೈಯರೇ ಅಲ್ಲ.”

ಮೊದಮೊದಲು ಬಿದ್ದವು. ಆಮೇಲೆ ಅವಳು ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸಲು ಕಲಿತಳು. ಹತ್ತಕ್ಕೆ ಸರಿಯಾಗಿ ಲೋಟ ಅವನ ಗದ್ದದ ಕೆಳಗೆ ಇರುತ್ತಿತ್ತು. ಅವನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದ: ‘ನೇರಳೆ ಹಣ್ಣು. ಆಲೆಮನೆಯಲ್ಲಿ ಪಾಕ ಇಳಿಸುವ ಹೊತ್ತಿನ ವಾಸನೆ. ಕೊನೆಗೆ ಒಗರು, ಹುಣಸೆ ಬೀಜದ್ದು.’ ಒಂದು ಬಿಳಿ ವೈನಿಗೆ ನೆಲ್ಲಿಕಾಯಿ ಪರಿಮಳ ಎಂದಿದ್ದರಿಂದ ಎಂಟು ದಿನ ಬೆಟ್ಟದ ನೆಲ್ಲಿಕಾಯಿ ತಿಂದು ಹೋಲಿಸಿ ನೋಡಿದ. ಅದು ಆ ದೇಶದ ಬೇರೆ ನೆಲ್ಲಿ ಎಂದು ಮಗಳು ಹೇಳುವ ಹೊತ್ತಿಗೆ ಅವನ ಹಲ್ಲೆಲ್ಲ ಜುಮ್ಮೆನ್ನುತ್ತಿದ್ದವು.

ಹಿತ್ತಲ ಗೋಡೆಯ ಮೇಲೆ ಸೀಸೆಗಳು ಕಂಡಾಗ, ನಲ್ಲಿಯ ಹತ್ತಿರ ಹೆಂಗಸರು ಕೇಳಿಯೇ ಕೇಳಿದರು.

“ಅವ್ರು ಕುಡಿಯಕ್ಕಿಲ್ಲ ಕಣಕ್ಕ, ಉಗೀತಾರೆ,” ಎಂದಿದ್ದಳು ಪಟ್ಟಲಮ್ಮ.

“ಕುಡ್ದೋರೆಲ್ಲ ಉಗಿಯದೇ ಕಣಮ್ಮಿ. ನಮ್ಮನೇರೂ ದಿನಾ ಕುಡ್ಕಂಡ್ ಬಂದು ನನ್ನ ಉಗೀತಾರೆ!”

ಬಿಂದಿಗೆಗಳು ಉರುಳುವಷ್ಟು ನಕ್ಕರು. ಪಟ್ಟಲಮ್ಮ ಆಮೇಲೆ ಯಾರಿಗೂ ಏನೂ ಹೇಳಲಿಲ್ಲ.

*

ಹತ್ತೂವರೆಗೆ ಶಿವನಸಮುದ್ರದಿಂದ ಕಾರು ಬಂತು. ರೆಸಾರ್ಟಿನ ಮ್ಯಾನೇಜರ್ ಸ್ವರೂಪ್ ಇಳಿದು, ಗುಲಾಬಿ ಹಾರ ಹಾಕಿ, ಶೂ ಬಿಚ್ಚಿದ್ದು ನೆನಪಿಲ್ಲದವನಂತೆ ಬಿಸಿಲಿನಲ್ಲಿ ಸಾಕ್ಸಿನಲ್ಲೇ ನಿಂತ. ಜೇಬಿನಿಂದ ದ್ರಾಕ್ಷಿ ಗೊಂಚಲಿನ ಪುಟ್ಟ ಬಿಲ್ಲೆ ತೆಗೆದು ಶೋಭಿತಾಳ ಕೈಗೆ ಕೊಟ್ಟ. ಮೂರು ವರ್ಷ ಓದಿ ಪಾಸಾದ ಶಿವರಾಮು ಅದನ್ನು ಹತ್ತೊಂಬತ್ತು ದಿನ ಹಾಕಿಕೊಂಡಿದ್ದ.

“ಬಂಗಾರದ್ದಾ?” ಎಂದು ಬೆಟ್ಟಮ್ಮ ಪಕ್ಕದವಳನ್ನು ಕೇಳಿದಳು.

“ಅಮ್ಮ,” ಎಂದ ಸ್ವರೂಪ್ ಪಟ್ಟಲಮ್ಮನಿಗೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ, “ಶಿವರಾಮು ಸರ್ ಥರದವರು ಸಿಗಲ್ಲ. ನಮ್ ಹುಡುಗರು ಟೇಸ್ಟಿಂಗ್ ಅಂದ್ರೆ ಕದ್ದು ನುಂಗಿಬಿಡ್ತಾರೆ. ಸರ್ ಒಂದು ಹನೀನೂ ನುಂಗಿದ್ದು ನಾನು ನೋಡಿಲ್ಲ.”

ಪಟ್ಟಲಮ್ಮ ತಲೆಯೆತ್ತಿದಳು. ಅಂಗಳದಲ್ಲಿ ಚಾಪೆಯ ಮೇಲೆ ಕೂತಿದ್ದ ಗಂಡಸರನ್ನು ನೋಡಿದಳು. ಟೀ ಕುಡಿಯಲೆಂದು ಗುಂಡಿಯ ಕಡೆಯಿಂದ ಎದ್ದು ಬಂದಿದ್ದ ಜವರಯ್ಯನನ್ನೂ ತಿಮ್ಮಯ್ಯನನ್ನೂ ನೋಡಿದಳು. ಯಾರಾದರೂ ಈಗಲಾದರೂ ಒಂದು ಮಾತು ಆಡಬಹುದು.

“ಪಾಪ, ಒಳ್ಳೆ ಮೇನೇಜ್ರು,” ಎಂದ ತಿಮ್ಮಯ್ಯ ಮೆಲ್ಲಗೆ.

“ಇನ್ನೇನಂತಾರೆ ಬುಡು,” ಎಂದ ಜವರಯ್ಯ. “ಸತ್ತೋರ್ ಮುಂದೆ ಕುಡುಕ ಅನ್ನಕ್ಕಾಯ್ತದಾ?”

ತಿಮ್ಮಯ್ಯ ಟೀ ಲೋಟವನ್ನು ಅಭ್ಯಾಸಬಲದಿಂದ ಎರಡು ಬೆರಳಲ್ಲಿ ಹಿಡಿದು, ಗರಗರ ತಿರುಗಿಸಿ, ಮೂಗನ್ನು ಒಳಗಿಟ್ಟು, ಒಂದು ಕಣ್ಣು ಮುಚ್ಚಿದ. ಥೇಟು ಶಿವರಾಮು. ಮೂರು ವರ್ಷ ಕಟ್ಟೆಯ ಮೇಲೆ ಅದನ್ನು ಮಾಡಿ ನಗಿಸಿದ್ದ. ಇವತ್ತು ಮೂರು ಜನ ಮುಖ ತಗ್ಗಿಸಿ ನಕ್ಕರು. ಆಮೇಲೆ ಅವನಿಗೇ ಏನನ್ನಿಸಿತೋ, ಟೀಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದುಹೋದ.

ಬಸ್ಸಿನ ಕಂಡಕ್ಟರ್ ಕೆಂಪಯ್ಯನೂ ಬಂದಿದ್ದ. ನಿನ್ನೆ ನಾಲ್ಕರ ಖಾಸಗಿ ಬಸ್ಸಿಗೆ ಶಿವರಾಮು ಮಳವಳ್ಳಿಯಲ್ಲಿ ಹತ್ತಿದ್ದ. ಮಧ್ಯಾಹ್ನ ಗಿರಾಕಿಯೊಬ್ಬರ ಮೊಣಕೈ ತಗುಲಿ ಅವನ ಅಂಗಿಯ ಮೇಲೆ ಕೆಂಪು ವೈನು ಚೆಲ್ಲಿತ್ತು. ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದವನು ಮಂಡ್ಯದವರೆಗೂ ತೆರೆಯಲಿಲ್ಲ. ಪಕ್ಕದವರು ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋದರು. ಮಂಡ್ಯದಲ್ಲಿ ಹೆಗಲು ಅಲ್ಲಾಡಿಸಿದಾಗ ಮೈ ತಣ್ಣಗಾಗಿತ್ತು. ಆಸ್ಪತ್ರೆಯವರು ಹೃದಯ ಎಂದು ಬರೆದುಕೊಟ್ಟರು.

“ಕುಡ್ದು ಮನೀಕಂಡವ್ರೆ ಅನ್ಕಂಡೆ ಕಣಮ್ಮ,” ಎಂದ ಕೆಂಪಯ್ಯ. “ಎಬ್ಬಿಸ್ಬ್ಯಾಡಿ ಪಾಪ ಅಂತ ನಾನೇ ಎಲ್ರಿಗೂ ಯೋಳ್ದೆ. ಕಿವೀಲಿ ವೈರ್ ಇತ್ತು. ತೆಗ್ದು ನೋಡುದ್ರೆ ಯಾರೋ ಮಾತಾಡ್ತಾನೇ ಅವ್ರೆ.”

ಶೋಭಿತಾ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಪರೀಕ್ಷೆ ಪಾಸಾದ ಮೇಲೆ ಅಪ್ಪ ಮುಂದಿನ ಹಂತದ ಪಾಠ ಕಳಿಸು ಎಂದಿದ್ದ. ಮೊನ್ನೆಯಷ್ಟೇ ಕಳಿಸಿದ್ದಳು.

“ಟಿಕೀಟ್ ತಕಂಡಿದ್ರಾ?” ಎಂದು ಪಟ್ಟಲಮ್ಮ ಕೇಳಿದಳು.

“ತಕಂಡಿದ್ರು ಕಣಮ್ಮ.”

ಅವಳು ಸರಿ ಎನ್ನುವಂತೆ ತಲೆಯಾಡಿಸಿದಳು.

*

ಬಳ್ಳಿ ನೆಟ್ಟಿದ್ದು ಮೊದಲ ವರ್ಷವೇ, ಐದನೇ ಪಾಠ ಕೇಳಿದ ಮೇಲೆ. ಒಳ್ಳೆ ದ್ರಾಕ್ಷಿಗೆ ಕೊಬ್ಬಿದ ಮಣ್ಣು ಬೇಡ, ಕಲ್ಲು ನೆಲ ಬೇಕು, ನೀರು ಬಸಿದು ಹೋಗಬೇಕು, ಬಳ್ಳಿ ಬಾಯಾರಬೇಕು, ಬಾಯಾರಿದರೆ ಬೇರು ಕೆಳಕ್ಕೆ ಇಳಿಯುತ್ತದೆ, ಹಣ್ಣು ಚಿಕ್ಕದಾದರೂ ರುಚಿ ಕಟ್ಟುತ್ತದೆ ಎಂದು ಶೋಭಿತಾ ಹೇಳಿದ್ದನ್ನು ಶಿವರಾಮು ಮೂರು ಸಲ ಕೇಳಿಸಿಕೊಂಡು, ಎದ್ದು ಹೋಗಿ ಕಲ್ಲುಮೂಲೆಯ ನಡುವೆ ನಿಂತು ಒಬ್ಬನೇ ನಕ್ಕಿದ್ದ.

“ನಮ್ಮಣ್ಣ ಮೋಸ ಮಾಡವ್ನೆ ಅಂತ ಇಡೀ ಊರೇ ಅಂತದಲ್ಲ. ಫ್ರಾನ್ಸಲ್ಲಾಗಿದ್ರೆ ಅವ್ನೇ ಮೋಸ ಹೋದಂಗೆ ಕಣೇ.”

ಜವರಯ್ಯನಿಗೆ ಆ ಮಾತು ನಂಬಿಕೆಯಾಗಲಿಲ್ಲ. ಹದಿನೆಂಟು ವರ್ಷದಿಂದ ಕಲ್ಲುಮೂಲೆಯ ಪಕ್ಕ ಹಾದುಹೋಗುವಾಗಲೆಲ್ಲ ಆತ ಮುಖ ಆಚೆ ತಿರುಗಿಸುತ್ತಿದ್ದ. ಗಿಡ ಚಿಗುರಿದ ಮೇಲೆ ಮಾತ್ರ ಬಂದು ನಿಲ್ಲತೊಡಗಿದ. ಎರಡನೇ ಮಳೆಗಾಲದಲ್ಲಿ ಎಲೆಯ ಮೇಲೆ ಮಚ್ಚೆ ಕಂಡಾಗ, ಒಂದು ಎಲೆ ಕಿತ್ತು ತಿರುವಿ ನೋಡಿ ಹೇಳಿದ:

“ಇದ್ಕೆ ಬೋರ್ಡೋ ವಡೀಬೇಕು ಕಣ್ಲಾ.”

ಶಿವರಾಮು ಬಾಯಿ ಬಿಟ್ಟುಕೊಂಡು ನೋಡಿದ. “ಏನಂದೆ?”

“ಬೋರ್ಡೋ. ಮೈಲುತುತ್ತು, ಸುಣ್ಣ. ಅಪ್ಪ ಎಲೆತೋಟಕ್ಕೆ ವಡೀತಿರ್ನಿಲ್ವಾ?”

“ಅಣ್ಣೋ! ಅದು ಊರಿನ್ ಎಸ್ರು ಕಣಣ್ಣ! ಫ್ರಾನ್ಸಲ್ಲೈತೆ! ದ್ರಾಕ್ಷಿಗೆ ಅಂತ್ಲೇ ಅಲ್ಲಿ ಮೊದ್ಲು ವಡ್ದಿದ್ದು!”

“ಊರಾದ್ರೂ ಆಗ್ಲಿ, ಕೇರಿಯಾದ್ರೂ ಆಗ್ಲಿ. ಒಂದ್ ಕೇಜಿಗೆ ಒಂದ್ ಕೇಜಿ, ನೂರ್ ಲೀಟ್ರು ನೀರು. ಎತ್ಕಂಡ್ ಬಾ ಪಂಪು.”

ಅಣ್ಣತಮ್ಮಂದಿರು ಅವತ್ತು ಮೈಕೈಯೆಲ್ಲ ನೀಲಿ ಮಾಡಿಕೊಂಡು ಮನೆಗೆ ಬಂದರು. ಭಾಗವಾದ ಮೇಲೆ ಅವರಿಬ್ಬರೂ ಒಟ್ಟಿಗೆ ಕೂತು ಉಂಡದ್ದು ಅದೇ ಮೊದಲು. ಪಟ್ಟಲಮ್ಮ ಮುದ್ದೆ ಬಡಿಸುತ್ತಾ ನಿಂತಿದ್ದಳು. ಜವರಯ್ಯ ತಟ್ಟೆ ನೋಡಿಕೊಂಡೇ ಕೇಳಿದ, “ಕುಡಿಯದ್ ಬುಡಕ್ಕಾಗಕಿಲ್ವೇನ್ಲಾ?” ಶಿವರಾಮು ಪಾಠ ಹೇಳಲು ಶುರುಮಾಡಿದ. ಹುದುಗು, ಸಕ್ಕರೆ, ಸಿಪ್ಪೆ, ಉಗಿಯುವುದು. ಅಣ್ಣ ಪೂರ್ತಿ ಕೇಳಿ, “ಒಸಿ ಕಮ್ಮಿಯಾರ ಮಾಡು,” ಎಂದು ಕೈ ತೊಳೆದ.

ಕಳೆದ ವರ್ಷ ಮೊದಲ ಫಸಲು. ಮಾರ್ಚಿನಲ್ಲಿ ಗೊಂಚಲುಗಳು ಕಪ್ಪಗೆ ತಿರುಗುತ್ತಿದ್ದವು. ಕೊಯ್ಲಿಗೆ ಹತ್ತೇ ದಿನ ಎಂದು ಶಿವರಾಮು ನೀರು ಪೂರ್ತಿ ನಿಲ್ಲಿಸಿದ್ದ. ಎಲೆ ಜೋತುಬಿದ್ದಿದ್ದವು. ನಾಲೆಯಲ್ಲಿ ಕಟ್ಟುಸರದಿ. ಹದಿನೈದು ದಿನಕ್ಕೊಮ್ಮೆ ಬರುವ ನೀರಿಗೆ ಊರವರು ತೂಬಿನ ಮೇಲೇ ಗುದ್ದಲಿ ಹಿಡಿದು ಕೂರುವ ಕಾಲ. ಒಂದು ಬೆಳಗ್ಗೆ ಪಟ್ಟಲಮ್ಮ ಹಿತ್ತಲ ಬಾಗಿಲು ತೆರೆದರೆ ಕಲ್ಲುಮೂಲೆ ಕೆರೆಯಾಗಿತ್ತು. ಬಳ್ಳಿಗಳು ಮೊಣಕಾಲುದ್ದ ನೀರಲ್ಲಿ ನಿಂತಿದ್ದವು. ಬದುವಿನ ಮೇಲೆ ಜವರಯ್ಯ ಗುದ್ದಲಿ ಹಿಡಿದು, ಎರಡು ಕೈಲೂ ಕೆಸರು ಮಾಡಿಕೊಂಡು, ಮುಖ ತುಂಬ ನಗುತ್ತಿದ್ದ.

“ಒಣಗೋಯ್ತಿತ್ತಲ್ಲೋ ನಿನ್ ಗಿಡ! ನಂದು ಎಲ್ಡ್ ದಿನದ ಸರದಿ. ಪೂರ್ತಿ ಇದ್ಕೇ ಬುಟ್ಬುಟ್ಟೆ. ಕುಡೀಲಿ ಒಟ್ಟೆ ತುಂಬ!”

ಶಿವರಾಮು ನೀರಿಗಿಳಿದು ನಿಂತ. ಒಂದು ಗೊಂಚಲನ್ನು ಕೈಯಲ್ಲಿ ಹಿಡಿದ.

“ಒಳ್ಳೇದಾಯ್ತು ಬುಡಣ್ಣ,” ಎಂದ.

ಮೂರನೇ ದಿನ ಹಣ್ಣುಗಳು ಊದಿ, ಸಿಪ್ಪೆ ಬಿರಿದು, ಕಣಜಗಳು ಮುತ್ತಿದವು. ಪಟ್ಟಲಮ್ಮನಿಗೆ ತಡೆಯಲಾಗಲಿಲ್ಲ. “ಒಂದ್ ಮಾತ್ ಅನ್ಬಾರ್ದಿತ್ತಾ ಅವ್ರಿಗೆ?”

“ಅವ್ನ್ ಗದ್ದೆ ಒಣಗಿಸ್ಕಂಡು ಬುಟ್ಟವ್ನೆ ಕಣೇ. ಏನಂತ ಅನ್ಲಿ?”

ಬಿರಿಯದೆ ಉಳಿದದ್ದು ಒಂದು ಮೊರದಷ್ಟು. ಅವನ್ನು ಕಿವುಚಿ, ಸಿಪ್ಪೆ ಸಮೇತ ಉಪ್ಪಿನಕಾಯಿ ಜಾಡಿಗೆ ತುಂಬಿ, ಮಲ್ಲು ಬಟ್ಟೆ ಕಟ್ಟಿಟ್ಟ. ದೋಸೆ ಹಿಟ್ಟಿನ ಹಾಗೆ ಅದು ಉಬ್ಬಿತು, ಬುಸುಗುಟ್ಟಿತು, ಎಂಟನೇ ದಿನ ತಣ್ಣಗಾಯಿತು. ಸೋಸಿದರೆ ಒಂದೇ ಒಂದು ಸೀಸೆ. ಪಟ್ಟಲಮ್ಮ ಲೋಟ ಹಿಡಿದಳು, ಅವನು ಒಂದು ಗುಟುಕು ಆಡಿಸಿ ಉಗಿದ.

“ಎಂಗೈತೆ?”

“ನೀರಾಗೈತೆ,” ಎಂದ. “ಆದ್ರೂ ಮಡಗಿರ್ಲಿ,” ಎಂದು ಬಿರಡೆ ಹಾಕಿ, ಮೇಣ ಸುರಿದು, ಮೇಲೆ ಚೀಟಿ ಅಂಟಿಸಿ ಬರೆದ: ಕಲ್ಲುಮೂಲೆ.

*

ಹನ್ನೆರಡೂವರೆಗೆ ಗುಂಡಿ ಸಾಕು ಎನ್ನುವಷ್ಟು ಆಳವಾಯಿತು. ತಮಟೆಯವರು ಮುಂದೆ ನಡೆದರು. ಮನೆಯಿಂದ ಗುಂಡಿಗೆ ನಲವತ್ತು ಹೆಜ್ಜೆ. ಅಷ್ಟಕ್ಕೇ ಮುಗಿಸಬಾರದೆಂದು ಊರೆಲ್ಲ ಒಂದು ಸುತ್ತು ಹಾಕಿಸಿ ತಂದು, ಬಳ್ಳಿಯ ಸಾಲಿನ ಪಕ್ಕ ಚಟ್ಟ ಇಳಿಸಿದರು. ಹೊಸ ಬಿಳಿ ಬಟ್ಟೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಒಬ್ಬೊಬ್ಬರೇ ಬಾಗಿ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಿದರು. ಶೋಭಿತಾ ಅಪ್ಪನ ಗದ್ದದ ನ್ಯಾಪ್‌ಕಿನ್ ಸಡಿಲಿಸಿದ್ದಳು. ತುಟಿ ಸ್ವಲ್ಪವೇ ತೆರೆದುಕೊಂಡಿತ್ತು, ಯಾರೋ “ಏನೇನಿದೆ” ಎಂದು ಕೇಳಿದ ಹಾಗೆ.

ಜವರಯ್ಯ ಮಂಡಿಯೂರಿ ಕೂತು ಸೊಂಟದ ಗಂಟು ಬಿಚ್ಚಿದ. ಸೀಸೆಯ ಮುಚ್ಚಳ ಹೇಗೆ ತೆಗೆಯಬೇಕೆಂದು ತಿಳಿಯಲಿಲ್ಲ. ತಿಮ್ಮಯ್ಯ ತೆಗೆದುಕೊಟ್ಟ.

“ಬೈದಿದ್ದೆ ಕಣ್ಲಾ ನಿನ್ನ,” ಎಂದ ಜವರಯ್ಯ ತಮ್ಮನಿಗೆ. “ನನ್ ಕೈಯಾರ ಒಂದಿನ ಕೊಡಿಸ್ನಿಲ್ಲ. ಇವತ್ ಕೊಡ್ತೀನಿ. ಕುಡಿಯಪ್ಪ.”

“ತಡೀರಿ ಭಾವ.”

ತಮಟೆ ನಿಂತಿತು. ಪಟ್ಟಲಮ್ಮ ತನ್ನ ದನಿಯನ್ನು ಬೇರೆ ಯಾರದೋ ಎಂಬಂತೆ ಕೇಳಿಸಿಕೊಂಡಳು.

“ಅದು ಅವ್ರ್ ಬಾಯಿಗೆ ಯಾವತ್ತೂ ಓಗಿಲ್ಲ. ಬ್ಯಾಡಿ.”

“ಆಸೆ ಉಳ್ಸಿ ಕಳಿಸ್ಬಾರ್ದು ಕಣಮ್ಮಿ,” ಎಂದ ಜವರಯ್ಯ. ಅದರಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. “ನನ್ ತಮ್ಮ ಕಣವ್ವ ಅವ್ನು.”

“ಉಳ್ಸಕ್ಕಿಲ್ಲ. ಇರಿ.”

ಅವಳು ಮನೆಯ ಕಡೆ ನಡೆದಳು. ಹಳಿಯ ಮೇಲೆ ಮೈಸೂರಿನ ರೈಲು ಬಂದು ಹೋಯಿತು. ಮರಳಿ ಬಂದಾಗ ಅವಳ ಬಲಗೈಯಲ್ಲಿ ಚೀಟಿ ಅಂಟಿಸಿದ ಸೀಸೆ ಇತ್ತು, ಎಡಗೈಯಲ್ಲಿ ತಗ್ಗು ಬಿದ್ದ ಲೋಟ.

“ಲೋಟ ಯಾಕಮ್ಮ?” ಎಂದಳು ಶೋಭಿತಾ ಮೆಲ್ಲಗೆ.

ಪಟ್ಟಲಮ್ಮ ತನ್ನ ಎಡಗೈ ನೋಡಿಕೊಂಡಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಸೀಸೆಯನ್ನು ಮಗಳ ಕೈಗೆ ಕೊಟ್ಟಳು. ಶೋಭಿತಾ ಮೇಣ ಕೆರೆದು ಬಿರಡೆ ಕಿತ್ತು ದೊಡ್ಡಪ್ಪನಿಗೆ ಕೊಟ್ಟಳು. ಜವರಯ್ಯ ಬ್ರಾಂದಿಯನ್ನು ಕಲ್ಲಿನ ಮೇಲಿಟ್ಟು, ಇದನ್ನು ಅನುಮಾನದಿಂದ ಮೂಗಿನ ಹತ್ತಿರ ಹಿಡಿದ.

“ಇದೇನು, ಮಳೆ ಬಿದ್ದಂಗೆ ಗಮ್ಮಂತದೆ.”

“ನೀವು ನೀರ್ ಬುಟ್ರಲ್ಲ ಭಾವ. ಆ ವರ್ಸದ ಅಣ್ಣು. ಅವ್ರೇ ಮಾಡಿದ್ದು.”

ಜವರಯ್ಯ ಸೀಸೆಯ ಮೇಲಿನ ಚೀಟಿಯನ್ನು ನೋಡಿದ. “ಆ ಅಣ್ಣು ಕೈಗ್ ಬಂತಾ?”

“ಊ ಭಾವ. ಬಂತು.”

ಆತ ಎಡಗೈಯಿಂದ ತಮ್ಮನ ತಲೆ ಎತ್ತಿ ಹಿಡಿದು, ಸೀಸೆಯನ್ನು ಓರೆ ಮಾಡಿದ. ಕೆಂಪು ತೆಳ್ಳಗೆ ಇಳಿದು ತುಟಿಯೊಳಗೆ ತುಂಬಿ, ಅಂಚಿಗೆ ಬಂದು ನಿಂತಿತು. ಎಲ್ಲರೂ ನೋಡುತ್ತಿದ್ದರು. ಪಟ್ಟಲಮ್ಮನ ತುಟಿ ತಾನಾಗಿ ಅಲುಗುತ್ತಿತ್ತು. ಹತ್ತಿರವಿದ್ದ ಬೆಟ್ಟಮ್ಮ ಅವಳು ಯಾವುದೋ ದೇವರ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡಳು.

ಏಳು. ಎಂಟು. ಒಂಬತ್ತು.

ಜವರಯ್ಯನ ತೋಳು ಸೋತು ತಲೆ ಎಡಕ್ಕೆ ವಾಲಿತು. ಬಾಯಿಯ ಮೂಲೆಯಿಂದ ಕೆಂಪು ಎಳೆಯೊಂದು ಹೊರಟಿತು. ಹೊರಡುವ ಮುಂಚೆಯೇ ಲೋಟ ಗದ್ದದ ಕೆಳಗೆ ಇತ್ತು. ಹನಿಗಳು ಸ್ಟೀಲಿಗೆ ಬೀಳುವ ಸದ್ದು ಗುಂಡಿಯ ಆಚೆ ನಿಂತವರಿಗೂ ಕೇಳಿಸಿತು.

ತಿಮ್ಮಯ್ಯ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಜವರಯ್ಯ ಲೋಟವನ್ನು ನೋಡಿದ. ಅದನ್ನು ಹಿಡಿದಿದ್ದ, ಒಂಚೂರೂ ಅಲ್ಲಾಡದ ಕೈಯನ್ನು ನೋಡಿದ.

“ಉಗೀತಾವ್ನಲ್ಲ ಕಣಮ್ಮಿ,” ಎಂದ.

“ಊ ಭಾವ,” ಎಂದಳು ಪಟ್ಟಲಮ್ಮ. “ಉಗೀತಾರೆ.”

ಎಳೆ ಸಣ್ಣದಾಯಿತು, ಹನಿಯಾಯಿತು, ನಿಂತಿತು. ಅವಳು ಲೋಟದ ಅಂಚಿನಿಂದ ತುಟಿಯ ಕೊನೆಯ ಹನಿಯನ್ನು ಒತ್ತಿ ತೆಗೆದುಕೊಂಡು, ಕೈ ಹಿಂದಕ್ಕೆ ಎಳೆದಳು. ಕೆಳಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.